‘ಅಳಿವಿನಂಚು’ ಎಂದು ಬರೆಯುವ ಮೊದಲು: ಪ್ರಭೇದ ಮತ್ತು ಜೀವಿಸಮುದಾಯಗಳ ಅಪಾಯ ವರ್ಗಗಳನ್ನು ಕನ್ನಡದಲ್ಲಿ ನಮೂದಿಸುವ ಕ್ರಮ

ಗುಬ್ಬಚ್ಚಿ, ನವಿಲು, ಚಿರತೆ, ಹುಲಿ, ರಣಹದ್ದು ಇವೆಲ್ಲವನ್ನೂ ‘ಅಳಿವಿನಂಚಿನಲ್ಲಿರುವ’ ಎಂಬ ಒಂದೇ ವಿಶೇಷಣ ಹಚ್ಚಿ ಬರೆದಿರುವುದನ್ನು ಕನ್ನಡದ ಪತ್ರಿಕೆಗಳಲ್ಲಿಯೂ ಜಾಲತಾಣಗಳಲ್ಲಿಯೂ ಕಾಣುತ್ತೇವೆ. ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ಕೆಂಪು ಪಟ್ಟಿಯನ್ನು ತೆರೆದರೆ ಇವುಗಳ ಸ್ಥಾನ ಬೇರೆ ಬೇರೆಯಾಗಿದೆ. ಗುಬ್ಬಚ್ಚಿ ಮತ್ತು ನವಿಲು ಅಪಾಯದ ವರ್ಗಗಳಿಗೇ ಸೇರಿಲ್ಲ. ಚಿರತೆ ಮೂರು ಅಪಾಯ ವರ್ಗಗಳ ಪೈಕಿ ಮೊದಲನೆಯದರಲ್ಲಿಯೂ, ಹುಲಿ ಎರಡನೆಯದರಲ್ಲಿಯೂ, ರಾಮನಗರದ ಬಂಡೆಬೆಟ್ಟಗಳಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದು ಅತ್ಯಂತ ತೀವ್ರವಾದ ಮೂರನೆಯದರಲ್ಲಿಯೂ ಇವೆ.

ಇಂಗ್ಲಿಷಿನಲ್ಲಿ ಬರೆಯುವವರಿಗೆ ಇಲ್ಲಿ ಒಂದು ಅನುಕೂಲವಿದೆ. ವರ್ಗದ ಹೆಸರನ್ನು ದೊಡ್ಡಕ್ಷರದಿಂದ ಆರಂಭಿಸಿದರೆ ಅದು ಪಾರಿಭಾಷಿಕ ಬಳಕೆಯೆಂದು ಓದುಗರಿಗೆ ತಿಳಿಯುತ್ತದೆ, ಸಣ್ಣಕ್ಷರದಲ್ಲಿ ಬರೆದರೆ ಅದು ಸಾಮಾನ್ಯ ಮಾತಾಗುತ್ತದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲದ ಕಾರಣ ಆ ಕೆಲಸವನ್ನು ವಾಕ್ಯವೇ ಮಾಡಬೇಕು: ಯಾವ ಪಟ್ಟಿ, ಯಾವ ವರ್ಗ, ಯಾವ ವರ್ಷ, ಯಾವ ವ್ಯಾಪ್ತಿ ಎಂಬ ನಾಲ್ಕು ವಿವರಗಳು ಅದರಲ್ಲಿ ಕಾಣಬೇಕು. ವನ್ಯಜೀವಿ ವರದಿ, ಪಠ್ಯ, ಫಲಕ ಅಥವಾ ಲೇಖನ ಬರೆಯುವವರು ಅನುಸರಿಸಬಹುದಾದ ಕ್ರಮ ಮುಂದಿದೆ.

ಮೊದಲ ಹಂತ: ಪಟ್ಟಿ ಯಾವುದೆಂದು ಗೊತ್ತುಮಾಡಿಕೊಳ್ಳಿ

ಒಂದೇ ಪ್ರಾಣಿಯ ಕುರಿತು ಕನಿಷ್ಠ ಮೂರು ಪಟ್ಟಿಗಳು ಮೂರು ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತವೆ. 1964ರಲ್ಲಿ ಆರಂಭವಾದ ಐಯುಸಿಎನ್ ಕೆಂಪು ಪಟ್ಟಿ ಉತ್ತರಿಸುವುದು ‘ಈ ಪ್ರಭೇದ ಅಳಿದುಹೋಗುವ ಸಂಭವ ಎಷ್ಟು’ ಎಂಬ ಪ್ರಶ್ನೆಗೆ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳು ‘ಇದನ್ನು ಬೇಟೆಯಾಡಿದರೆ, ಹಿಡಿದರೆ ಅಥವಾ ಮಾರಿದರೆ ಕಾನೂನು ಏನು ಹೇಳುತ್ತದೆ’ ಎಂಬುದನ್ನು ತಿಳಿಸುತ್ತವೆ. 1973ರಲ್ಲಿ ವಾಷಿಂಗ್ಟನ್‌ನಲ್ಲಿ ಸಹಿಯಾಗಿ 1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದದ ಅನುಬಂಧಗಳಿಗೆ ಸಂಬಂಧಿಸಿದ್ದು ದೇಶದಿಂದ ದೇಶಕ್ಕೆ ನಡೆಯುವ ವ್ಯಾಪಾರ.

ಇವು ಒಂದಕ್ಕೊಂದು ಹೊಂದಿಕೆಯಾಗಲೇಬೇಕೆಂಬ ನಿಯಮವಿಲ್ಲ. ನವಿಲು ಭಾರತದ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆ ಪಡೆದ ಮೊದಲನೆಯ ಅನುಸೂಚಿಯಲ್ಲಿದ್ದರೂ ಕೆಂಪು ಪಟ್ಟಿಯಲ್ಲಿ ಅದಕ್ಕೆ ಆತಂಕವಿಲ್ಲ. ಹೀಗಾಗಿ ‘ಮೊದಲನೆಯ ಅನುಸೂಚಿಯಲ್ಲಿರುವುದರಿಂದ ಇದು ಅಳಿವಿನಂಚಿನ ಪಕ್ಷಿ’ ಎಂಬ ವಾಕ್ಯ ತರ್ಕದಲ್ಲಿಯೇ ಮುರಿದುಬೀಳುತ್ತದೆ. ‘ಅನುಸೂಚಿ’ ಎಂಬ ಪದವನ್ನು ಭಾರತದ ಕಾಯ್ದೆಗೆ, ‘ಅನುಬಂಧ’ವನ್ನು ಸೈಟಿಸ್‌ಗೆ, ‘ವರ್ಗ’ವನ್ನು ಕೆಂಪು ಪಟ್ಟಿಗೆ ಮೀಸಲಿಟ್ಟುಕೊಂಡರೆ ಅರ್ಧ ಗೊಂದಲ ಅಲ್ಲಿಗೇ ನೀಗುತ್ತದೆ.

ಅನುಸೂಚಿಯ ಸಂಖ್ಯೆ ಬರೆಯುವಾಗ ಇನ್ನೊಂದು ಎಚ್ಚರಿಕೆ ಬೇಕು. ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಮೊದಲಿದ್ದ ಆರು ಅನುಸೂಚಿಗಳು ನಾಲ್ಕಾದವು. ಈಗ ಮೊದಲ ಎರಡು ಪ್ರಾಣಿಗಳಿಗೆ, ಮೂರನೆಯದು ಸಸ್ಯಗಳಿಗೆ, ನಾಲ್ಕನೆಯದು ಸೈಟಿಸ್‌ಗೆ ಒಳಪಟ್ಟವುಗಳಿಗೆ ಮೀಸಲಾಗಿವೆ. ಹಳೆಯ ಪುಸ್ತಕದಲ್ಲಿ ‘ನಾಲ್ಕನೆಯ ಅನುಸೂಚಿಯ ಹಕ್ಕಿ’ ಎಂದಿದ್ದರೆ ಅದನ್ನು ಹಾಗೆಯೇ ಎತ್ತಿ ಬರೆಯುವುದು ಇಂದು ತಪ್ಪು ಅರ್ಥ ಕೊಡುತ್ತದೆ.

ಭಾರತದ 2002ರ ಜೀವವೈವಿಧ್ಯ ಕಾಯ್ದೆಯ 38ನೆಯ ಕಲಮಿನಲ್ಲಿಯೂ ಅಪಾಯಕ್ಕೊಳಗಾದ ಪ್ರಭೇದಗಳನ್ನು ಅಧಿಸೂಚಿಸುವ ಅಧಿಕಾರವಿದೆ. ಅಲ್ಲಿ ಅಳಿವಿನ ಅಂಚಿನಲ್ಲಿರುವ ಅಥವಾ ಸದ್ಯದಲ್ಲಿಯೇ ಅಳಿಯಬಹುದಾದ ಪ್ರಭೇದಗಳಷ್ಟೇ ಆ ಹೆಸರಿನ ಅಡಿಗೆ ಬರುತ್ತವೆ. ಕೆಂಪು ಪಟ್ಟಿಯ ಮೂರು ವರ್ಗಗಳ ಒಟ್ಟು ಹೆಸರಿಗೂ ಇದಕ್ಕೂ ಅಳತೆಗೋಲು ಬೇರೆ. ಆದುದರಿಂದ ಈ ಕಾಯ್ದೆಯನ್ನು ಆಧರಿಸಿ ಬರೆದರೆ ಕಾಯ್ದೆಯ ಹೆಸರನ್ನೂ ಕಲಮನ್ನೂ ವಾಕ್ಯದೊಳಗೇ ತರಬೇಕು.

ಎರಡನೆಯ ಹಂತ: ಒಂಬತ್ತು ವರ್ಗಗಳಿಗೆ ಒಂದೊಂದೇ ಹೆಸರು

ಐಯುಸಿಎನ್‌ನ ಅಧಿಕೃತ ಭಾಷೆಗಳು ಇಂಗ್ಲಿಷ್, ಫ್ರೆಂಚ್ ಮತ್ತು ಸ್ಪ್ಯಾನಿಷ್. ಎಲ್ಲ ಕನ್ನಡ ಲೇಖಕರೂ ಒಪ್ಪಿ ಬಳಸುವ ಹೆಸರುಗಳು ಇನ್ನೂ ನೆಲೆಗೊಂಡಿಲ್ಲದ ಕಾರಣ ಒಂದು ಬರಹದಲ್ಲಿ ‘ಅಪಾಯದಂಚು’, ಇನ್ನೊಂದರಲ್ಲಿ ‘ವಿನಾಶದಂಚು’, ಮತ್ತೊಂದರಲ್ಲಿ ‘ನಶಿಸುತ್ತಿರುವ’ ಎಂದು ಒಂದೇ ವರ್ಗ ಮೂರು ವೇಷ ತೊಡುತ್ತದೆ. ಸಾಹಿತ್ಯದಲ್ಲಿ ಪದ ಮರುಕಳಿಸಬಾರದೆಂಬ ಶಿಸ್ತು ಒಳ್ಳೆಯದೇ, ಆದರೆ ವರ್ಗದ ಹೆಸರಿನ ವಿಷಯದಲ್ಲಿ ಅದನ್ನು ಬಿಟ್ಟುಕೊಡಬೇಕು. ಒಮ್ಮೆ ಆರಿಸಿಕೊಂಡ ಹೆಸರು ಬರಹದ ಕೊನೆಯವರೆಗೂ ಹಾಗೆಯೇ ನಿಲ್ಲಬೇಕು.

ಕೆಂಪು ಪಟ್ಟಿಯ ವರ್ಗ ಮತ್ತು ಮಾನದಂಡಗಳನ್ನು ವಿವರಿಸುವ ದಾಖಲೆಯ, 2001ರಲ್ಲಿ ಪ್ರಕಟವಾದ 3.1ನೆಯ ಆವೃತ್ತಿಯ ಒಂಬತ್ತು ವರ್ಗಗಳಿಗೆ ನಾನು ಬಳಸುವ ಹೆಸರುಗಳು ಹೀಗಿವೆ. ಇಎಕ್ಸ್ ಎಂದರೆ ‘ಅಳಿದ’, ಇಡಬ್ಲ್ಯು ಎಂದರೆ ‘ನಿಸರ್ಗದಲ್ಲಿ ಅಳಿದ’, ಸಿಆರ್ ಎಂದರೆ ‘ತೀವ್ರ ಅಳಿವಿನಂಚಿನ’, ಇಎನ್ ಎಂದರೆ ‘ಅಳಿವಿನಂಚಿನ’, ವಿಯು ಎಂದರೆ ‘ಅಳಿವಿಗೀಡಾಗಬಲ್ಲ’, ಎನ್‌ಟಿ ಎಂದರೆ ‘ಅಪಾಯಕ್ಕೆ ಸಮೀಪದ’, ಎಲ್‌ಸಿ ಎಂದರೆ ‘ಕನಿಷ್ಠ ಆತಂಕದ’, ಡಿಡಿ ಎಂದರೆ ‘ಮಾಹಿತಿ ಸಾಲದ’, ಎನ್‌ಇ ಎಂದರೆ ‘ಮೌಲ್ಯಮಾಪನವಾಗದ’. ಸಿಆರ್, ಇಎನ್, ವಿಯು ಈ ಮೂರನ್ನು ಒಟ್ಟಾಗಿ ಹೇಳುವಾಗ ಮಾತ್ರ ‘ಅಪಾಯಕ್ಕೊಳಗಾದ ಪ್ರಭೇದಗಳು’ ಎನ್ನಬೇಕು. ಎನ್‌ಟಿ ವರ್ಗದ ಪ್ರಾಣಿಯನ್ನು ಆ ಲೆಕ್ಕಕ್ಕೆ ಸೇರಿಸಬಾರದು.

ಕನ್ನಡದಲ್ಲಿ ಹೊಸ ಸಂಕ್ಷೇಪಗಳನ್ನು ಕಟ್ಟಲು ಹೋಗಬೇಡಿ. ವರ್ಗಗಳ ಹೆಸರನ್ನು ಯಾವ ಭಾಷೆಗೆ ತಂದರೂ ಸಂಕೇತಾಕ್ಷರಗಳು ಇಂಗ್ಲಿಷ್ ಹೆಸರುಗಳನ್ನೇ ಅನುಸರಿಸಬೇಕೆಂದು ಐಯುಸಿಎನ್‌ನ ದಾಖಲೆಯೇ ಹೇಳುತ್ತದೆ. ಆದ್ದರಿಂದ ಸಿಆರ್ ಎಂದು ಕನ್ನಡ ಲಿಪಿಯಲ್ಲಿ ಬರೆದರೆ ಸಾಕು, ‘ತೀ.ಅ.’ ಎಂಬಂಥ ರೂಪಗಳು ಓದುಗರಿಗೂ ಹುಡುಕುವವರಿಗೂ ಉಪಯೋಗವಿಲ್ಲ.

ವಿಯು ವರ್ಗಕ್ಕೆ ಹಲವರು ಬಳಸುವ ‘ದುರ್ಬಲ’ ಎಂಬ ಪದವನ್ನು ಕೈಬಿಡುವುದು ಒಳ್ಳೆಯದು. ಈ ವರ್ಗದಲ್ಲಿರುವ ಕಾಟಿಯನ್ನು ‘ದುರ್ಬಲ ಪ್ರಾಣಿ’ ಎಂದು ಬರೆದರೆ ನಗೆಪಾಟಲಾಗುತ್ತದೆ. ಎಲ್‌ಸಿ ವರ್ಗವನ್ನು ‘ಕಡಿಮೆ ಕಾಳಜಿ’ ಎಂದರೆ ಆ ಪ್ರಾಣಿಯ ಬಗ್ಗೆ ಹೆಚ್ಚು ಕಾಳಜಿ ಬೇಕಿಲ್ಲವೆಂಬ ಅರ್ಥ ಹೊಮ್ಮುತ್ತದೆ.

ಡಿಡಿ ಮತ್ತು ಎನ್‌ಇ ಎರಡನ್ನೂ ‘ಸುರಕ್ಷಿತ’ ಎಂದು ಓದುವ ಅಭ್ಯಾಸ ಬಹಳ ಅಪಾಯಕಾರಿ. ‘ಮಾಹಿತಿ ಸಾಲದ’ ಎಂದರೆ ತಜ್ಞರು ಪರಿಶೀಲಿಸಿದ್ದಾರೆ, ಆದರೆ ನಿರ್ಣಯಕ್ಕೆ ಬೇಕಾದಷ್ಟು ಮಾಹಿತಿ ದೊರೆತಿಲ್ಲ. ‘ಮೌಲ್ಯಮಾಪನವಾಗದ’ ಎಂದರೆ ಆ ಪ್ರಭೇದವನ್ನು ಪಟ್ಟಿಯ ಮಾನದಂಡಗಳಿಗೆ ಇನ್ನೂ ಒಡ್ಡಿಯೇ ಇಲ್ಲ. ಎರಡೂ ಅಪಾಯದ ಕುರಿತು ಏನನ್ನೂ ಹೇಳುವುದಿಲ್ಲ. ಹೊಸದಾಗಿ ಹೆಸರಿಸಿದ ಕಪ್ಪೆಯ ಸುದ್ದಿಯಲ್ಲಿ ‘ಇದು ಅಪಾಯದ ಪಟ್ಟಿಯಲ್ಲಿಲ್ಲ’ ಎಂದು ಬರೆಯುವ ಬದಲು ‘ಇದರ ಮೌಲ್ಯಮಾಪನ ಇನ್ನೂ ಆಗಿಲ್ಲ’ ಎಂದು ಬರೆಯಿರಿ.

‘ಅಳಿದ’ ಎಂಬ ಪದಕ್ಕೂ ಬಿಗಿಯಾದ ಬಳಕೆಯಿದೆ. ಕೊನೆಯ ಜೀವಿಯೂ ಸತ್ತಿದೆಯೆಂಬುದರಲ್ಲಿ ಸಮಂಜಸವಾದ ಸಂದೇಹ ಉಳಿಯದಿದ್ದಾಗ ಮಾತ್ರ ಅದು ಸಲ್ಲುತ್ತದೆ. ಭಾರತದ ಜೌಗುಗಳಲ್ಲಿದ್ದ ನಸುಗೆಂಪು ತಲೆಯ ಬಾತು 1949ರ ನಂತರ ಖಚಿತವಾಗಿ ಕಂಡಿಲ್ಲವಾದರೂ ಅದರ ವರ್ಗ ಸಿಆರ್, ಜೊತೆಗೆ ‘ಬಹುಶಃ ಅಳಿದಿರಬಹುದು’ ಎಂಬ ಟಿಪ್ಪಣಿಯಿದೆ. ಈ ಟಿಪ್ಪಣಿ ಹತ್ತನೆಯ ವರ್ಗವಲ್ಲ ಎಂಬುದನ್ನು ನೆನಪಿಡಬೇಕು. ಇನ್ನು ಚೀನಾ ಮೂಲದ ಪೆರೆ ಡೇವಿಡ್ ಜಿಂಕೆ ‘ನಿಸರ್ಗದಲ್ಲಿ ಅಳಿದ’ ವರ್ಗಕ್ಕೆ ಉದಾಹರಣೆ. ಈ ವರ್ಗವನ್ನು ‘ಕಾಡಿನಲ್ಲಿ ಅಳಿದ’ ಎನ್ನುವುದಕ್ಕಿಂತ ‘ನಿಸರ್ಗದಲ್ಲಿ ಅಳಿದ’ ಎಂಬುದೇ ಮೇಲು, ಏಕೆಂದರೆ ಇದೇ ಹೆಸರು ಕೆರೆಯ ಮೀನಿಗೂ ಸಮುದ್ರದ ಜೀವಿಗೂ ಒಪ್ಪಬೇಕು.

ಮೂರನೆಯ ಹಂತ: ವಾಕ್ಯ ಕಟ್ಟುವ ಬಗೆ

ಮೊದಲ ಬಾರಿ ಹೇಳುವಾಗ ಪೂರ್ತಿಯಾಗಿ ಹೇಳಿ: ‘ಪಶ್ಚಿಮ ಘಟ್ಟಕ್ಕಷ್ಟೇ ಸೀಮಿತವಾದ ಸಿಂಗಳೀಕವನ್ನು ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ವರ್ಗಕ್ಕೆ ಸೇರಿಸಲಾಗಿದೆ.’ ಇದೇ ವಾಕ್ಯಕ್ಕೆ ಮೌಲ್ಯಮಾಪನದ ವರ್ಷವನ್ನೂ ಸೇರಿಸಿ. ಪಟ್ಟಿಯ ಪ್ರತಿ ಪುಟದಲ್ಲಿಯೂ ಮೌಲ್ಯಮಾಪನದ ವರ್ಷ ಮತ್ತು ಪ್ರಕಟಣೆಯ ವರ್ಷ ಎರಡೂ ಇರಬಹುದು. ನೀವು ಕೊಡುವುದು ಯಾವುದೆಂದು ಸ್ಪಷ್ಟವಾಗಿರಲಿ. ನಂತರದ ವಾಕ್ಯಗಳಲ್ಲಿ ‘ಈ ಅಳಿವಿನಂಚಿನ ಕೋತಿ’ ಎಂದರೆ ಸಾಕು.

ಕ್ರಿಯಾಪದವನ್ನು ಆರಿಸುವಲ್ಲಿ ಬಹುಪಾಲು ಬರಹಗಳು ಎಡವುತ್ತವೆ. ಐಯುಸಿಎನ್ ಸರ್ಕಾರವಲ್ಲ; ಅದು ನಿಷೇಧಿಸುವುದಿಲ್ಲ, ಆದೇಶ ಹೊರಡಿಸುವುದಿಲ್ಲ, ಸಂರಕ್ಷಿತವೆಂದು ಘೋಷಿಸುವುದೂ ಇಲ್ಲ. ಅದರ ಪಟ್ಟಿಯಲ್ಲಿ ಪ್ರಭೇದವನ್ನು ‘ವರ್ಗೀಕರಿಸಲಾಗುತ್ತದೆ’ ಅಥವಾ ಅದು ಒಂದು ವರ್ಗದಲ್ಲಿ ‘ಇದೆ’. ‘ಅಧಿಸೂಚಿಸಿದೆ’, ‘ನಿಷೇಧಿಸಿದೆ’ ಎಂಬ ಪದಗಳು ಸರ್ಕಾರಗಳಿಗೆ ಸೇರಿದವು.

ವರ್ಗ ಬದಲಾದಾಗ ‘ಮೇಲೇರಿತು’, ‘ಬಡ್ತಿ ಪಡೆಯಿತು’, ‘ಕೆಳಗಿಳಿಯಿತು’ ಎಂದು ಬರೆದರೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂಬುದೇ ತಿಳಿಯುವುದಿಲ್ಲ. ಯಾವುದರಿಂದ ಯಾವುದಕ್ಕೆ ಎಂದು ಹೇಳಿಬಿಡಿ. ರಕ್ತಚಂದನ 2018ರಲ್ಲಿ ಅಪಾಯಕ್ಕೆ ಸಮೀಪದ ವರ್ಗದಲ್ಲಿದ್ದು, ಮರುಮೌಲ್ಯಮಾಪನದ ನಂತರ ಅಳಿವಿನಂಚಿನ ವರ್ಗಕ್ಕೆ ಬಂದಿತು. ದೈತ್ಯ ಪಾಂಡಾ 2016ರಲ್ಲಿ ಅಳಿವಿನಂಚಿನ ವರ್ಗದಿಂದ ಅಳಿವಿಗೀಡಾಗಬಲ್ಲ ವರ್ಗಕ್ಕೆ ಸರಿಯಿತು. ಪಾಂಡಾ ಇನ್ನು ಅಪಾಯದಲ್ಲಿಲ್ಲವೆಂಬ ಶೀರ್ಷಿಕೆ ಇದರಿಂದ ಹುಟ್ಟಲಾರದು, ಏಕೆಂದರೆ ಹೊಸ ವರ್ಗವೂ ಅಪಾಯಕ್ಕೊಳಗಾದ ಮೂರರಲ್ಲಿ ಒಂದು.

ಬದಲಾವಣೆಯ ಕಾರಣವನ್ನೂ ನೋಡಬೇಕು. ಸಂಖ್ಯೆ ನಿಜವಾಗಿ ಕುಸಿದದ್ದರಿಂದ ವರ್ಗ ಬದಲಾಗಬಹುದು, ಹೊಸ ಮಾಹಿತಿ ಸಿಕ್ಕಿದ್ದರಿಂದಲೂ ಬದಲಾಗಬಹುದು, ಪ್ರಭೇದವನ್ನು ಒಡೆದು ಎರಡಾಗಿ ಎಣಿಸಿದ್ದರಿಂದಲೂ ಬದಲಾಗಬಹುದು. ಆಫ್ರಿಕದ ಆನೆಯನ್ನು ಹಿಂದೆ ಒಂದೇ ಪ್ರಭೇದವೆಂದು ತಿಳಿದು ಅಳಿವಿಗೀಡಾಗಬಲ್ಲ ವರ್ಗದಲ್ಲಿ ಇಟ್ಟಿದ್ದರು. 2021ರಲ್ಲಿ ಕಾಡಿನ ಆನೆಯನ್ನು ತೀವ್ರ ಅಳಿವಿನಂಚಿನ ವರ್ಗದಲ್ಲಿಯೂ ಹುಲ್ಲುಬಯಲಿನ ಆನೆಯನ್ನು ಅಳಿವಿನಂಚಿನ ವರ್ಗದಲ್ಲಿಯೂ ಪ್ರತ್ಯೇಕವಾಗಿ ನಮೂದಿಸಲಾಯಿತು. ಇಲ್ಲಿ ‘ಒಂದೇ ಜಿಗಿತಕ್ಕೆ ಎರಡು ಮೆಟ್ಟಿಲು’ ಎಂಬ ವರ್ಣನೆ ಅರ್ಧಸತ್ಯವಾಗುತ್ತದೆ.

ನಾಲ್ಕನೆಯ ಹಂತ: ವ್ಯಾಪ್ತಿಯನ್ನು ಹೇಳಿ

ಕೆಂಪು ಪಟ್ಟಿಯ ವರ್ಗ ಸಾಮಾನ್ಯವಾಗಿ ಇಡೀ ಜಗತ್ತಿನ ಸ್ಥಿತಿಯನ್ನು ಹೇಳುತ್ತದೆ. ಒಂದು ದೇಶದಲ್ಲಿಯೋ ಪ್ರದೇಶದಲ್ಲಿಯೋ ಪ್ರಭೇದ ಇಲ್ಲವಾದರೆ ಅದಕ್ಕೆ ‘ಪ್ರಾದೇಶಿಕವಾಗಿ ಅಳಿದ’ ಎಂಬ ಬೇರೆಯೇ ವರ್ಗವಿದೆ. 1952ರಲ್ಲಿ ಭಾರತದಲ್ಲಿ ಅಳಿದಿದೆಯೆಂದು ಸಾರಿದ ಚೀತಾ ಜಾಗತಿಕವಾಗಿ ಅಳಿವಿಗೀಡಾಗಬಲ್ಲ ವರ್ಗದಲ್ಲಿದೆ. 2022ರ ಸೆಪ್ಟೆಂಬರಿನಲ್ಲಿ ಮಧ್ಯಪ್ರದೇಶದ ಕುನೋ ರಾಷ್ಟ್ರೀಯ ಉದ್ಯಾನಕ್ಕೆ ತಂದ ಪ್ರಾಣಿಗಳ ಕುರಿತು ‘ಅಳಿದುಹೋಗಿದ್ದ ಪ್ರಭೇದ ಮರಳಿತು’ ಎಂದು ಬರೆಯುವ ಬದಲು ‘ಭಾರತದಲ್ಲಿ ಅಳಿದಿದ್ದ ಚೀತಾ’ ಎಂದರೆ ಒಂದೇ ಪದದಲ್ಲಿ ವ್ಯಾಪ್ತಿ ಸರಿಹೋಗುತ್ತದೆ.

ಪ್ರಭೇದ, ಉಪಪ್ರಭೇದ, ತಳಿ ಇವುಗಳನ್ನೂ ಬೆರೆಸಬಾರದು. ಮಲೆನಾಡು ಗಿಡ್ಡ ಒಂದು ಹಸುವಿನ ತಳಿ. ಸಾಕುಪ್ರಾಣಿಗಳ ತಳಿಗಳಿಗೆ ಕೆಂಪು ಪಟ್ಟಿಯಲ್ಲಿ ಸ್ಥಾನವಿಲ್ಲ. ಅದರ ಬಗ್ಗೆ ‘ಐಯುಸಿಎನ್ ಪ್ರಕಾರ’ ಎಂದು ಬರೆಯಲು ಬರುವುದಿಲ್ಲ.

ಐದನೆಯ ಹಂತ: ವರ್ಗದ ಹಿಂದಿನ ಮಾನದಂಡವನ್ನು ಓದಿ

ವರ್ಗದ ಪಕ್ಕದಲ್ಲಿ ಎ ಇಂದ ಇ ವರೆಗಿನ ಅಕ್ಷರಗಳೂ ಅಂಕಿಗಳೂ ಸೇರಿದ ಒಂದು ಸಂಕೇತ ಇರುತ್ತದೆ. ಅದನ್ನು ಲೇಖನದಲ್ಲಿ ಅಚ್ಚುಮಾಡಬೇಕಿಲ್ಲ, ಆದರೆ ಬರೆಯುವವರು ಓದಲೇಬೇಕು. ಎ ಎಂದರೆ ಸಂಖ್ಯೆಯ ಕುಸಿತ, ಬಿ ಎಂದರೆ ಹರವಿನ ಕಿರಿದುತನ, ಸಿ ಎಂದರೆ ಕಡಿಮೆ ಸಂಖ್ಯೆಯ ಜೊತೆಗೆ ಕುಸಿತ, ಡಿ ಎಂದರೆ ಅತಿ ಕಡಿಮೆ ಸಂಖ್ಯೆ, ಇ ಎಂದರೆ ಅಳಿವಿನ ಸಂಭವದ ಗಣಿತ. ಐದರಲ್ಲಿ ಯಾವುದಾದರೂ ಒಂದರ ಮಿತಿಯನ್ನು ಮುಟ್ಟಿದರೂ ಪ್ರಭೇದ ಆ ವರ್ಗಕ್ಕೆ ಸೇರುತ್ತದೆ.

ಇದರಿಂದ ಬರಹಕ್ಕೆ ಆಗುವ ಲಾಭ ದೊಡ್ಡದು. ಎ ಮಾನದಂಡದಲ್ಲಿ ಕುಸಿತದ ಕಾರಣ ಇನ್ನೂ ನಿಂತಿಲ್ಲದಿದ್ದರೆ ಹತ್ತು ವರ್ಷ ಅಥವಾ ಮೂರು ತಲೆಮಾರು, ಇವೆರಡರಲ್ಲಿ ದೀರ್ಘವಾದ ಅವಧಿಯೊಳಗೆ, ಶೇ 80ರಷ್ಟು ಇಳಿದರೆ ಸಿಆರ್, ಶೇ 50ಕ್ಕೆ ಇಎನ್, ಶೇ 30ಕ್ಕೆ ವಿಯು. ಡಿ ಮಾನದಂಡದಲ್ಲಿ ಪ್ರೌಢ ಜೀವಿಗಳು 50ಕ್ಕಿಂತ ಕಡಿಮೆಯಿದ್ದರೆ ಸಿಆರ್, 250ಕ್ಕಿಂತ ಕಡಿಮೆಯಿದ್ದರೆ ಇಎನ್. ಸಾವಿರಾರು ಸಂಖ್ಯೆಯಲ್ಲಿ ಉಳಿದಿರುವ ಉದ್ದ ಕೊಕ್ಕಿನ ರಣಹದ್ದು ಸಿಆರ್ ವರ್ಗಕ್ಕೆ ಬಂದದ್ದು ಕುಸಿತದ ವೇಗದಿಂದ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧದ ಶೇಷವಿದ್ದ ಕಳೇಬರಗಳನ್ನು ತಿಂದು 1990ರ ದಶಕದಿಂದೀಚೆಗೆ ಅದರ ಸಂಖ್ಯೆ ಶೇ 90ಕ್ಕೂ ಹೆಚ್ಚು ಇಳಿಯಿತು. 2006ರಲ್ಲಿ ಭಾರತ ಆ ಔಷಧದ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಿತು. ಅದೇ ಸಿಆರ್ ವರ್ಗದಲ್ಲಿರುವ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಉಳಿದಿರುವುದೇ ಇನ್ನೂರಕ್ಕಿಂತ ಕಡಿಮೆಯೆಂಬ ಅಂದಾಜಿದೆ. ‘ಬೆರಳೆಣಿಕೆಯಷ್ಟು ಉಳಿದಿರುವುದರಿಂದ ಈ ವರ್ಗ’ ಎಂಬ ಸಿದ್ಧವಾಕ್ಯವನ್ನು ಇವೆರಡಕ್ಕೂ ಒಂದೇ ರೀತಿ ಅಂಟಿಸಿದರೆ ರಣಹದ್ದಿನ ಕಥೆಯೇ ಓದುಗರಿಗೆ ಮುಟ್ಟುವುದಿಲ್ಲ.

ಆರನೆಯ ಹಂತ: ಪ್ರಭೇದದ ಹೆಸರು

ಕನ್ನಡ ಹೆಸರು ಮೊದಲು ಬರಲಿ. ಒಂದೇ ಹೆಸರು ಎರಡು ಪ್ರಭೇದಗಳಿಗೆ ಸಲ್ಲುವಂತಿದ್ದರೆ ವೈಜ್ಞಾನಿಕ ಹೆಸರು ಅಗತ್ಯ; ಅದನ್ನು ರೋಮನ್ ಲಿಪಿಯ ಓರೆಯಕ್ಷರದಲ್ಲಿ, ಕುಲದ ಮೊದಲಕ್ಷರವನ್ನಷ್ಟೇ ದೊಡ್ಡದಾಗಿಸಿ, ಒಮ್ಮೆ ಕೊಟ್ಟರೆ ಸಾಕು. ಮಹಶೀರ್ ಎಂಬ ಹೆಸರು ಹಲವು ಮೀನುಗಳಿಗಿದೆ. ಅವುಗಳಲ್ಲಿ ಕಾವೇರಿ ಕೊಳ್ಳದ ಗೂನುಬೆನ್ನಿನ ಮಹಶೀರ್ ಯಾವುದೆಂಬುದು 2018ರಲ್ಲಿ ‘ಟಾರ್ ರೆಮಾದೇವಿಐ’ ಎಂಬ ವೈಜ್ಞಾನಿಕ ಹೆಸರಿನೊಂದಿಗೆ ಇತ್ಯರ್ಥವಾದ ಮೇಲೆಯೇ ಅದನ್ನು ತೀವ್ರ ಅಳಿವಿನಂಚಿನ ವರ್ಗಕ್ಕೆ ಸೇರಿಸಲು ಸಾಧ್ಯವಾಯಿತು. ಬರೀ ‘ಮಹಶೀರ್ ತೀವ್ರ ಅಳಿವಿನಂಚಿನಲ್ಲಿದೆ’ ಎಂದರೆ ಉಳಿದ ಮಹಶೀರ್‌ಗಳಿಗೂ ಅದೇ ಹಣೆಪಟ್ಟಿ ಬೀಳುತ್ತದೆ. ರಣಹದ್ದಿನ ವಿಷಯದಲ್ಲಿಯೂ ಹೀಗೆಯೇ: ಉದ್ದ ಕೊಕ್ಕಿನದು ಸಿಆರ್, ಬಿಳಿ ರಣಹದ್ದು, ಅಂದರೆ ಈಜಿಪ್ಷಿಯನ್ ವಲ್ಚರ್, ಇಎನ್.

ಏಳನೆಯ ಹಂತ: ಜೀವಿಸಮುದಾಯ ಮತ್ತು ಪರಿಸರ ವ್ಯವಸ್ಥೆ

ಕನ್ನಡದ ಬರಹಗಳು ಅತಿ ಹೆಚ್ಚು ಸಡಿಲವಾಗುವುದು ಇಲ್ಲಿಯೇ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿರುವಂಥ ರಾಂಪತ್ರೆ ಜಡ್ಡಿಗಳನ್ನು, ಕುದುರೆಮುಖದ ಶೋಲಾ ಮತ್ತು ಹುಲ್ಲುಗಾವಲುಗಳನ್ನು ‘ಅಳಿವಿನಂಚಿನ ಪ್ರಭೇದ’ ಎಂಬ ಮಾತಿನಿಂದಲೇ ವಿವರಿಸಿದ ಬರಹಗಳಿವೆ. ಜಡ್ಡಿಯೆಂದರೆ ಒಂದು ಪ್ರಭೇದವಲ್ಲ. ವರ್ಷವಿಡೀ ನೀರು ಜಿನುಗುವ ನೆಲ, ಕೆಸರಿನಿಂದ ಮೇಲೆದ್ದ ಬೇರುಗಳ ರಾಂಪತ್ರೆ ಜಾತಿಯ ಮರಗಳು, ಅವುಗಳನ್ನು ನಂಬಿದ ಕಪ್ಪೆ ಮತ್ತು ಕೀಟಗಳು ಎಲ್ಲವೂ ಸೇರಿದ ಒಂದು ಜೀವಿಸಮುದಾಯ. ಅಲ್ಲಿನ ಒಂದು ಮರದ ವರ್ಗವನ್ನು ಇಡೀ ಜಡ್ಡಿಗೆ ಹೊರಿಸಬಾರದು.

ಪರಿಸರ ವ್ಯವಸ್ಥೆಗಳಿಗೆಂದೇ ಐಯುಸಿಎನ್ 2014ರಲ್ಲಿ ಪ್ರತ್ಯೇಕ ಕೆಂಪು ಪಟ್ಟಿಯ ಮಾನದಂಡಗಳನ್ನು ಅಂಗೀಕರಿಸಿತು. ಸಿಆರ್, ಇಎನ್, ವಿಯು ಮುಂತಾದ ಹೆಸರುಗಳು ಅಲ್ಲಿಯೂ ಇವೆ, ಆದರೆ ಅಳೆಯುವುದು ಹರವಿನ ಇಳಿಕೆ, ಹರವಿನ ಕಿರಿದುತನ, ನೆಲ-ನೀರಿನ ಗುಣದ ಕೇಡು, ಜೀವಿಗಳ ಪರಸ್ಪರ ಸಂಬಂಧದ ಭಂಗ ಇತ್ಯಾದಿಗಳನ್ನು. ಕೊನೆಯ ವರ್ಗದ ಹೆಸರು ಅಲ್ಲಿ ‘ಅಳಿದ’ ಎಂದಲ್ಲ, ‘ಕುಸಿದ’ ಎಂದು, ಸಂಕೇತ ಸಿಒ. ಮಧ್ಯ ಏಷ್ಯಾದ ಅರಾಲ್ ಸಮುದ್ರವೆಂಬ ಸರೋವರ ಇದಕ್ಕೆ ಪ್ರಸಿದ್ಧ ಉದಾಹರಣೆ. ನೀರು ಬತ್ತಿ ವ್ಯವಸ್ಥೆಯ ಲಕ್ಷಣವೇ ಬದಲಾದಾಗ ಅಲ್ಲಿದ್ದ ಕೆಲವು ಜೀವಿಗಳು ಬೇರೆಡೆ ಬದುಕಿರಬಹುದು, ಹಾಗಾಗಿಯೇ ಆ ಸರೋವರ ‘ನಿರ್ವಂಶವಾಯಿತು’ ಎನ್ನಲು ಬರುವುದಿಲ್ಲ, ‘ಕುಸಿಯಿತು’ ಎನ್ನಬೇಕು.

ಜೀವಿಸಮುದಾಯಗಳನ್ನು ಕಾನೂನಿನ ಪಟ್ಟಿಗೇ ಸೇರಿಸುವ ವ್ಯವಸ್ಥೆಗೆ ಒಳ್ಳೆಯ ಮಾದರಿ ಆಸ್ಟ್ರೇಲಿಯಾದ 1999ರ ಪರಿಸರ ರಕ್ಷಣೆ ಮತ್ತು ಜೀವವೈವಿಧ್ಯ ಸಂರಕ್ಷಣಾ ಕಾಯ್ದೆ, ಅಲ್ಲಿನವರ ಬಾಯಲ್ಲಿ ಇಪಿಬಿಸಿ ಕಾಯ್ದೆ. ಅದರಲ್ಲಿ ಪ್ರಭೇದಗಳಿಗೆ ಆರು ವರ್ಗಗಳಿವೆ: ಅಳಿದ, ನಿಸರ್ಗದಲ್ಲಿ ಅಳಿದ, ತೀವ್ರ ಅಳಿವಿನಂಚಿನ, ಅಳಿವಿನಂಚಿನ, ಅಳಿವಿಗೀಡಾಗಬಲ್ಲ, ಮತ್ತು ಸಂರಕ್ಷಣೆಯನ್ನೇ ಅವಲಂಬಿಸಿದ. ಜೀವಿಸಮುದಾಯಗಳಿಗೆ ತೀವ್ರ ಅಳಿವಿನಂಚಿನ, ಅಳಿವಿನಂಚಿನ, ಅಳಿವಿಗೀಡಾಗಬಲ್ಲ ಎಂಬ ಮೂರು ಮಾತ್ರ. ಆದುದರಿಂದ ಆ ಕಾಯ್ದೆಯ ಅಡಿಯಲ್ಲಿ ‘ಅಳಿದ ಜೀವಿಸಮುದಾಯ’ ಎಂಬ ವರ್ಗವಾಗಲಿ, ‘ಅಪಾಯಕ್ಕೆ ಸಮೀಪದ ಪ್ರಭೇದ’ ಎಂಬ ವರ್ಗವಾಗಲಿ ಇಲ್ಲ. ಸಿಡ್ನಿಯಲ್ಲಿಯೋ ಮೆಲ್ಬರ್ನ್‌ನಲ್ಲಿಯೋ ಇದ್ದು ಅಲ್ಲಿನ ನಿಸರ್ಗದ ಕುರಿತು ಬರೆಯುವ ಕನ್ನಡಿಗರು ಐಯುಸಿಎನ್‌ನ ಒಂಬತ್ತನ್ನು ಈ ಕಾಯ್ದೆಗೆ ಹೊಂದಿಸಲು ಹೋಗಬಾರದು.

ಅಲ್ಲಿ ಸಮುದಾಯಗಳ ಅಧಿಕೃತ ಹೆಸರುಗಳು ಉದ್ದವಾಗಿರುತ್ತವೆ. ಪಶ್ಚಿಮ ಸಿಡ್ನಿಯ ‘ಕಂಬರ್ಲೆಂಡ್ ಪ್ಲೇನ್ ಶೇಲ್ ವುಡ್‌ಲ್ಯಾಂಡ್ಸ್ ಆ್ಯಂಡ್ ಶೇಲ್-ಗ್ರ್ಯಾವೆಲ್ ಟ್ರಾನ್ಸಿಷನ್ ಫಾರೆಸ್ಟ್’ ತೀವ್ರ ಅಳಿವಿನಂಚಿನ ಸಮುದಾಯ. ಮೊದಲ ಬಾರಿ ಈ ಹೆಸರನ್ನು ಪೂರ್ತಿ ಕೊಟ್ಟು, ಬಳಿಕ ‘ಕಂಬರ್ಲೆಂಡ್ ಬಯಲಿನ ವಿರಳ ಮರಗಳ ಕಾಡು’ ಎಂದು ಕನ್ನಡಿಸಿಕೊಳ್ಳಬಹುದು. ಮೊದಲ ಬಾರಿಯೇ ಹೆಸರಿನ ನಡುವಿನ ತುಂಡನ್ನು ಬಿಟ್ಟರೆ ಪಟ್ಟಿಯಲ್ಲಿನ ಇನ್ನೊಂದು ಸಮುದಾಯದೊಂದಿಗೆ ಗೊಂದಲವಾಗುವ ಸಾಧ್ಯತೆಯಿದೆ.

ವ್ಯಾಪ್ತಿಯ ಪಾಠವನ್ನು ಕೋಆಲಾ ಚೆನ್ನಾಗಿ ಕಲಿಸುತ್ತದೆ. 2022ರ ಫೆಬ್ರುವರಿಯಲ್ಲಿ ಕ್ವೀನ್ಸ್‌ಲೆಂಡ್, ನ್ಯೂ ಸೌತ್ ವೇಲ್ಸ್ ಮತ್ತು ರಾಜಧಾನಿ ಪ್ರದೇಶದ ಕೋಆಲಾಗಳನ್ನು ಆ ಕಾಯ್ದೆಯಡಿ ಅಳಿವಿಗೀಡಾಗಬಲ್ಲ ವರ್ಗದಿಂದ ಅಳಿವಿನಂಚಿನ ವರ್ಗಕ್ಕೆ ಬದಲಿಸಲಾಯಿತು. ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾದ ಕೋಆಲಾಗಳು ಅದರಲ್ಲಿ ಸೇರಿಲ್ಲ, ಐಯುಸಿಎನ್ ಪಟ್ಟಿಯಲ್ಲಿ ಇಡೀ ಪ್ರಭೇದ ವಿಯು ವರ್ಗದಲ್ಲಿದೆ.

ಭಾರತದ ವನ್ಯಜೀವಿ ಕಾಯ್ದೆಯಲ್ಲಿ ಜೀವಿಸಮುದಾಯಗಳಿಗೆ ಇಂಥ ಅನುಸೂಚಿಯಿಲ್ಲ. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದ್ದು ಒಂದು ಜಾಗಕ್ಕೆ ಸಿಕ್ಕ ಮಾನ್ಯತೆ, ಅಪಾಯದ ವರ್ಗವಲ್ಲ. ಹಾಗಾಗಿ ರಾಂಪತ್ರೆ ಜಡ್ಡಿಯ ಬಗ್ಗೆ ಬರೆಯುವಾಗ ವರ್ಗದ ಹೆಸರನ್ನು ಎರವಲು ತರದೆ ‘ತೋಟಕ್ಕೆಂದು ನೀರು ತಿರುಗಿಸಿದ್ದರಿಂದ ಕುಗ್ಗುತ್ತಿರುವ ಜಡ್ಡಿ’ ಎಂದು ಕಂಡದ್ದನ್ನೇ ಹೇಳಿ. ಯಾರಾದರೂ ಪರಿಸರ ವ್ಯವಸ್ಥೆಯ ಮಾನದಂಡದ ಪ್ರಕಾರ ಮೌಲ್ಯಮಾಪನ ಮಾಡಿದ್ದರೆ ಆ ಅಧ್ಯಯನವನ್ನು ಹೆಸರಿಸಿ ಅದರ ವರ್ಗವನ್ನು ಕೊಡಿ.

ಎಂಟನೆಯ ಹಂತ: ಶೀರ್ಷಿಕೆ, ಕೋಷ್ಟಕ, ತಿದ್ದುಪಡಿ

ಶೀರ್ಷಿಕೆಯಲ್ಲಿ ಜಾಗ ಕಡಿಮೆಯಿರುವುದರಿಂದ ‘ಅಪಾಯದಲ್ಲಿ’ ಎಂಬ ಸಾಮಾನ್ಯ ಪದಕ್ಕೆ ಅಡ್ಡಿಯಿಲ್ಲ, ಆದರೆ ‘ಅಳಿವಿನಂಚಿನಲ್ಲಿ’ ಎಂದು ಬರೆದರೆ ಒಳಗಿನ ಬರಹದಲ್ಲಿ ಆ ವರ್ಗವೇ ಇರಬೇಕು. ಕೋಷ್ಟಕದಲ್ಲಿ ಕೆಂಪು ಪಟ್ಟಿಯ ವರ್ಗಕ್ಕೂ ಅನುಸೂಚಿಗೂ ಪ್ರತ್ಯೇಕ ಕಂಬಗಳಿರಲಿ, ಖಾಲಿ ಬಿಟ್ಟ ಕೋಣೆಗೂ ‘ಮೌಲ್ಯಮಾಪನವಾಗದ’ ಎಂದು ಬರೆದ ಕೋಣೆಗೂ ಅರ್ಥ ಬೇರೆಯೆಂಬುದು ನೆನಪಿರಲಿ. ತೀವ್ರ ಅಳಿವಿನಂಚಿನ ಹಕ್ಕಿಯ ಗೂಡು, ಕಾಡಿನಲ್ಲಿ ಉಳಿದ ರಕ್ತಚಂದನ ಅಥವಾ ಶ್ರೀಗಂಧದ ಮರ ಇವುಗಳ ನಿಖ­ರ ಸ್ಥಳವನ್ನು ಚಿತ್ರದ ಅಡಿಬರಹದಲ್ಲಿ ಕೊಡಬೇಡಿ. ತಾಲ್ಲೂಕಿನ ಹೆಸರು ಸಾಕು, ಕೆಲವೊಮ್ಮೆ ಜಿಲ್ಲೆಯ ಹೆಸರೇ ಹೆಚ್ಚು.

ಮೌಲ್ಯಮಾಪನಕ್ಕೆ ಹತ್ತು ವರ್ಷ ಮೀರಿದರೆ ಕೆಂಪು ಪಟ್ಟಿಯೇ ಅದನ್ನು ಹಳತಾಗಿದೆಯೆಂದು ಗುರುತಿಸುತ್ತದೆ. ಪಶ್ಚಿಮ ಘಟ್ಟದ ಹಲವು ಮರಗಳ ಮೊದಲ ಮೌಲ್ಯಮಾಪನ ನಡೆದದ್ದು 1998ರಲ್ಲಿ. ಅಂಥ ವರ್ಗವನ್ನು ಬಳಸುವಾಗ ‘1998ರ ಮೌಲ್ಯಮಾಪನದಂತೆ’ ಎಂಬ ಮಾತು ತಪ್ಪದೆ ಇರಲಿ. ಪ್ರಕಟಿಸಿದ ಬರಹದ ನಂತರ ವರ್ಗ ಬದಲಾದರೆ ಹಳೆಯ ವಾಕ್ಯವನ್ನು ಸದ್ದಿಲ್ಲದೆ ತಿದ್ದುವ ಬದಲು, ಹಳೆಯ ವರ್ಗವನ್ನು ಅದರ ವರ್ಷದೊಂದಿಗೆ ಉಳಿಸಿ, ಹೊಸದನ್ನು ಅದರ ವರ್ಷದೊಂದಿಗೆ ಪಕ್ಕದಲ್ಲಿ ಸೇರಿಸಿ.